ಮಗುವಿನ ಮಲದ ಬಣ್ಣ ನೋಡಿದಿರಾ?



ಬಾಣಂತನದ ಮನೆ. ಮಗುವಿಗೆ ಮೂರು ವಾರ. ಹಾಲು ಚೆನ್ನಾಗಿ ಕುಡಿಯುತ್ತದೆ, ಮೈ ತುಂಬಿಕೊಂಡಿದೆ. ಕಣ್ಣು ಮಾತ್ರ ಇನ್ನೂ ಹಳದಿ. "ಎಳೆ ಬಿಸಿಲಿಗೆ ಹಿಡಿಯಿರಿ, ಹೋಗುತ್ತದೆ" ಎನ್ನುತ್ತಾರೆ ಹಿರಿಯರು. ಹುಟ್ಟಿದ ಮೊದಲ ವಾರದಲ್ಲಿ ಕಾಣುವ ಕಾಮಾಲೆ ಬಹಳಷ್ಟು ಮಕ್ಕಳಲ್ಲಿ ಎರಡು ವಾರದೊಳಗೆ ತಾನಾಗಿಯೇ ಇಳಿಯುತ್ತದೆ, ನಿಜ. ಆದರೆ ಇಳಿಯದಿದ್ದರೆ? ಆಗ ಮಗುವಿನ ಬಟ್ಟೆಯನ್ನು ನೋಡಬೇಕು.

ಮಲಕ್ಕೆ ಬಣ್ಣ ಬರುವುದು ಪಿತ್ತರಸದಿಂದ. ಯಕೃತ್ತಿನಲ್ಲಿ, ಅಂದರೆ ಲಿವರಿನಲ್ಲಿ, ಹುಟ್ಟುವ ಈ ರಸ ನಾಳಗಳ ಮೂಲಕ ಕರುಳಿಗೆ ಇಳಿಯುತ್ತದೆ. ಅಪರೂಪಕ್ಕೆ ಕೆಲವು ಶಿಶುಗಳಲ್ಲಿ ಈ ನಾಳಗಳು ಸರಿಯಾಗಿ ರೂಪುಗೊಂಡಿರುವುದಿಲ್ಲ, ಇಲ್ಲವೇ ಹುಟ್ಟಿದ ಆಸುಪಾಸಿನಲ್ಲೇ ಮುಚ್ಚಿಹೋಗುತ್ತವೆ. ವೈದ್ಯರು ಇದನ್ನು 'ಬಿಲಿಯರಿ ಅಟ್ರೇಸಿಯಾ' ಎನ್ನುತ್ತಾರೆ. ಆಗ ಮಲ ಸುಣ್ಣದಂತೆ, ಜೇಡಿಮಣ್ಣಿನಂತೆ ಬಿಳಚಿಕೊಳ್ಳುತ್ತದೆ. ನೀರಿನಂತಿರಬೇಕಾದ ಮೂತ್ರ ಗಾಢ ಹಳದಿಯಾಗಿ ಬಟ್ಟೆಗೆ ಕಲೆ ಹಿಡಿಸುತ್ತದೆ. ಒಳಗೇ ನಿಂತ ರಸ ದಿನದಿನಕ್ಕೂ ಯಕೃತ್ತನ್ನು ಕೆಡಿಸುತ್ತದೆ. ಆದರೂ ಮಗು ಮೊದಮೊದಲು ಗೆಲುವಾಗಿಯೇ ಇರುತ್ತದೆ. ಮನೆಯವರು ಮೋಸಹೋಗುವುದು ಇಲ್ಲಿಯೇ.

ಜಪಾನಿನ ಶಸ್ತ್ರವೈದ್ಯ ಮೋರಿಯೊ ಕಸೈ 1950ರ ದಶಕದಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು: ಮುಚ್ಚಿದ ನಾಳಗಳನ್ನು ತೆಗೆದು, ಸಣ್ಣ ಕರುಳನ್ನೇ ಯಕೃತ್ತಿಗೆ ಜೋಡಿಸುವುದು. 60 ದಿನ ತುಂಬುವ ಮೊದಲೇ ಮಾಡಿದರೆ ಪಿತ್ತರಸ ಹರಿಯುವ ಸಾಧ್ಯತೆ ಹೆಚ್ಚು. ತಡವಾದಷ್ಟೂ ಭರವಸೆ ಕಡಿಮೆ. ಹಲವು ಮಕ್ಕಳಿಗೆ ಮುಂದೆ ಯಕೃತ್ತಿನ ಕಸಿಯೂ ಬೇಕಾಗುತ್ತದೆ. 1998ರಲ್ಲಿ ದೆಹಲಿಯಲ್ಲಿ, ಇದೇ ಕಾಯಿಲೆಯ ಮಗುವಿಗೆ ತಂದೆಯೇ ತನ್ನ ಯಕೃತ್ತಿನ ಭಾಗವನ್ನು ಕೊಟ್ಟರು. ನಮ್ಮ ದೇಶದಲ್ಲಿ ಮಗುವಿಗೆ ಯಶಸ್ವಿಯಾಗಿ ನಡೆದ ಮೊದಲ ಯಕೃತ್ ಕಸಿ ಅದು.

"ಇದು ಯಾರ ಪಾಪದ ಫಲ?" ಎಂದು ಕೇಳುವವರಿದ್ದಾರೆ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಯೇಸುಸ್ವಾಮಿಯನ್ನು ಕೇಳಿದ್ದೂ ಇದನ್ನೇ. ಪಾಪ ಅವನದೂ ಅಲ್ಲ, ಹೆತ್ತವರದೂ ಅಲ್ಲ ಎಂಬುದು ಅವರಿಗೆ ಸಿಕ್ಕ ಉತ್ತರ. ಬಸುರಿಯಲ್ಲಿ ತಾಯಿ ತಿಂದ ಊಟದಿಂದಾಗಲಿ, ಕಂಡ ಗ್ರಹಣದಿಂದಾಗಲಿ ಈ ಕಾಯಿಲೆ ಬರುವುದಿಲ್ಲ. ಸೊಸೆಯನ್ನು ದೂರುತ್ತಾ ಕಳೆದ ಪ್ರತಿಯೊಂದು ದಿನವೂ ಮಗುವಿನ ಆ 60 ದಿನಗಳಲ್ಲಿ ಒಂದು.

ಆದ್ದರಿಂದ 14 ದಿನ ಕಳೆದೂ ಕಾಮಾಲೆ ಇದ್ದರೆ ಮಕ್ಕಳ ವೈದ್ಯರಲ್ಲಿಗೆ ಹೋಗಿ. ಮಲ ಬಿಳಚಿದ್ದರೆ ಅಷ್ಟು ದಿನವೂ ಕಾಯಬೇಡಿ. ಬಣ್ಣ ತೋರಿಸಲು ಬಟ್ಟೆಯನ್ನೂ ಒಯ್ಯಿರಿ. ರಕ್ತಪರೀಕ್ಷೆಯಿಂದ ಕಾಮಾಲೆ ಯಾವ ಬಗೆಯದೆಂದು ತಿಳಿಯುತ್ತದೆ. ಬಾಣಂತನದ ನಲವತ್ತು ದಿನ ಮುಗಿಯಲಿ ಎನ್ನಬೇಡಿ. ಪ್ರಾರ್ಥನೆಯನ್ನು ಆಸ್ಪತ್ರೆಯ ದಾರಿಯಲ್ಲೂ ಮಾಡಬಹುದು.