ಮನೆ ನೋಡುವುದಾದರೆ ಮೇ ತಿಂಗಳಲ್ಲಿ ನೋಡಿ

ಪ್ರಶ್ನೆ: ನಾವು ಕುಂದಾಪುರದ ಕಡೆಯವರು. ಹನ್ನೊಂದು ವರ್ಷದಿಂದ ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೇನೆ. ಬ್ಯಾಂಕ್ ಅಧಿಕಾರಿಯಾದ ನನ್ನವರಿಗೆ ಪ್ರಮೋಷನ್ ಜೊತೆ ಕಲಬುರಗಿಗೆ ವರ್ಗವಾಗಿದೆ. ಮೂರು ವರ್ಷವಾದರೂ ಇರಬೇಕಂತೆ. ಮಗಳು ಎಂಟನೇ ತರಗತಿ, ಅತ್ತೆ ಜೊತೆಗಿದ್ದಾರೆ. ‘ಬಿಸಿಲಲ್ಲಿ ಬೆಂದು ಹೋಗ್ತೀರಿ, ಮಗಳ ಓದು ಹಾಳಾಗ್ತದೆ’ ಎಂದು ಎಲ್ಲರೂ ಹೆದರಿಸುತ್ತಾರೆ. ಎಲ್ಲರೂ ಹೋಗುವುದೋ, ಎರಡು ಮನೆ ಮಾಡುವುದೋ? ನಿದ್ದೆಯೇ ಬರುತ್ತಿಲ್ಲ.

ಉತ್ತರ: ನಾನು ಮಲೆನಾಡಿನವಳು. ನಿಮ್ಮ ಹಾಗೆಯೇ ಗಂಡನ ವರ್ಗಾವಣೆಯ ಹಿಂದೆ ಹೋಗಿ ಕಲಬುರಗಿಯಲ್ಲಿ ನಾಲ್ಕು ವರ್ಷ ಸಂಸಾರ ಮಾಡಿದ್ದೇನೆ. ಬಿಸಿಲಿನ ಮಾತು ಸುಳ್ಳಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ಅಲ್ಲಿ ಮಾಮೂಲು. ಏಪ್ರಿಲ್, ಮೇಯಲ್ಲಿ ಆ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೇ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ.

ಆದರೆ ಉರಿಬಿಸಿಲಿನ ಹೊತ್ತಿನಲ್ಲಿ ನಿಮ್ಮವರು ಬ್ಯಾಂಕಿನ ಎ.ಸಿ.ಯಲ್ಲಿರುತ್ತಾರೆ. ಮನೆಯಲ್ಲಿರುವವರು ನೀವು, ನಿಮ್ಮ ಅತ್ತೆ. ಊರು ಹೇಗಿದೆ ಎಂದು ಕೇಳುವ ಮೊದಲು, ಮಧ್ಯಾಹ್ನ ಎರಡು ಗಂಟೆಗೆ ಮನೆಯವರಲ್ಲಿ ಯಾರು ಎಲ್ಲಿರುತ್ತಾರೆ ಎಂದು ಲೆಕ್ಕ ಹಾಕಿ.

ನಾವು ಡಿಸೆಂಬರಿನಲ್ಲಿ ಮನೆ ನೋಡಿ, ಗಾಳಿ ಬೆಳಕು ಚೆನ್ನಾಗಿದೆಯೆಂದು ಮೇಲಿನ ಮಹಡಿ ಹಿಡಿದೆವು. ಏಪ್ರಿಲ್ ಬಂತು. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಟ್ಯಾಂಕಿನ ನೀರು ಕೈ ಸುಡುತ್ತಿತ್ತು. ರಾತ್ರಿ ಹನ್ನೊಂದಾದರೂ ಗೋಡೆ ಮುಟ್ಟಿದರೆ ಬಿಸಿ. ಒಂದು ದಿನ ಕೆಳಗಿನ ಮನೆಯಾಕೆ ಮೆಟ್ಟಿಲಲ್ಲಿ ನಿಂತು, ‘ಯಾಕ್ರೀ ಅಕ್ಕೋರ, ಒಬ್ರೇ ಮ್ಯಾಲ ಕುಂತು ಏನ್ ಮಾಡ್ತೀರಿ, ಕೆಳಗ ಬರ್ರಿ’ ಎಂದು ಕರೆದರು. ಅವರ ಮನೆಗೆ ಶಹಾಬಾದ್ ಕಲ್ಲಿನ ನೆಲ. ಬರಿಗಾಲಿಟ್ಟಾಗ ತಣ್ಣಗಾದದ್ದು ಇನ್ನೂ ನೆನಪಿದೆ. ಆಮೇಲೆ ನನ್ನ ಮಧ್ಯಾಹ್ನಗಳೆಲ್ಲ ಅಲ್ಲೇ ಕಳೆದವು. ಮರುವರ್ಷ ನಾವೂ ನೆಲಮಟ್ಟದ ಮನೆಗೆ ಬಂದೆವು.

ಇನ್ನೊಂದು ಮಾತು. ನಿಮ್ಮೂರಿನದು ಸೆಕೆ, ಅಲ್ಲಿಯದು ಝಳ. ಕರಾವಳಿಯ ತೇವದ ಗಾಳಿಯಲ್ಲಿ ಕೂಲರ್ ಇಟ್ಟರೆ ಕೋಣೆ ಇನ್ನಷ್ಟು ಜಿಗುಟಾಗುತ್ತದೆ. ಕಲಬುರಗಿಯ ಒಣ ಗಾಳಿಯಲ್ಲಿ ನೀರು ಬೇಗ ಆವಿಯಾಗುವುದರಿಂದ ಅದೇ ಕೂಲರ್ ಚೆನ್ನಾಗಿ ತಂಪು ಮಾಡುತ್ತದೆ. ಬೆವರೂ ಹಾಗೆಯೇ ಆರಿಹೋಗುವುದರಿಂದ ಮೈಯ ನೀರು ಕಡಿಮೆಯಾದದ್ದು ಗೊತ್ತಾಗುವುದಿಲ್ಲ. ಅತ್ತೆಯವರಿಗೆ ಬಾಯಾರಿಕೆಗೆ ಕಾಯದೆ ಮಜ್ಜಿಗೆ, ನೀರು ಕೊಡುತ್ತಿರಬೇಕು.

ಯಾವ ಶಾಖೆ ಎಂದು ನೀವು ಬರೆದಿಲ್ಲ. ಅದು ಮುಖ್ಯ. ನಗರದಲ್ಲಿ ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ಜಯದೇವ ಹೃದ್ರೋಗ ಸಂಸ್ಥೆಯೂ ಇದೆ. ಒಳತಾಲ್ಲೂಕಿನ ಹಳ್ಳಿಯಾದರೆ ಕಥೆ ಬೇರೆ. 2002ರಲ್ಲಿ ನಂಜುಂಡಪ್ಪ ಸಮಿತಿ ಜಿಲ್ಲೆಗಳನ್ನು ಬಿಟ್ಟು ತಾಲ್ಲೂಕುಗಳನ್ನು ಹಿಡಿದು ಹಿಂದುಳಿದಿರುವಿಕೆಯನ್ನು ಅಳೆದದ್ದು ಇದಕ್ಕೇ. ಅದು ಗುರುತಿಸಿದ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು.

ಮಗಳ ಓದಿನ ಭಯ ಎಲ್ಲಿಂದ ಬಂತೆಂದು ಬಲ್ಲೆ. 2025ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಎರಡನೇ ಸ್ಥಾನ, ಕಲಬುರಗಿ ಶೇ 42ರೊಂದಿಗೆ ಕೊನೆ. ಅದು ಇಡೀ ಜಿಲ್ಲೆಯ ಫಲಿತಾಂಶ. ನಗರದಲ್ಲಿ ಒಳ್ಳೆಯ ಶಾಲೆಗಳಿವೆ, ಗಣಿತ ಹೇಳಿಕೊಡುವ ತಾಯಿ ಮನೆಯಲ್ಲೇ ಇದ್ದಾಳೆ. ಶಾಲೆ ಬದಲಿಸುವುದಾದರೆ ಒಂಬತ್ತಕ್ಕೆ ಬದಲಿಸಿ, ಹತ್ತಕ್ಕೆ ಬೇಡ.

ನನಗೆ ಹೆಚ್ಚು ಚಿಂತೆಯಾದದ್ದು ನಿಮ್ಮ ಬಗ್ಗೆ. ಹನ್ನೊಂದು ವರ್ಷದ ಕೆಲಸವನ್ನು ಒಂದು ಸಾಲಿನಲ್ಲಿ ಮುಗಿಸಿದ್ದೀರಿ, ಅದು ಹೋದರೆ ಏನಾಗುತ್ತದೆಂದು ಕೇಳಲೇ ಇಲ್ಲ. ನಾನೂ ಕೇಳಿರಲಿಲ್ಲ. ಬಿಸಿಲಿಗೆ ಒಂದೇ ವರ್ಷದಲ್ಲಿ ಒಗ್ಗಿಕೊಂಡೆ. ಕೆಲಸವಿಲ್ಲದ ದಿನಗಳಿಗೆ ನಾಲ್ಕು ವರ್ಷವೂ ಒಗ್ಗಲಿಲ್ಲ. ಗಣಿತ ಶಿಕ್ಷಕಿಯರು ಅಲ್ಲಿನ ಶಾಲೆಗಳಿಗೂ ಬೇಕು. ಈಗಲೇ ಅರ್ಜಿ ಹಾಕಿ. ಈಗಿನ ಶಾಲೆಯಲ್ಲಿ ದೀರ್ಘ ರಜೆ ಸಿಗುತ್ತದೆಯೇ ಕೇಳಿ, ರಾಜೀನಾಮೆಗೆ ಅವಸರ ಬೇಡ.

ಸದ್ಯ ನಿಮ್ಮವರೊಬ್ಬರೇ ಹೋಗಿ ಕೆಲಸಕ್ಕೆ ಸೇರಲಿ. ಮಗಳ ವರ್ಷ ಇಲ್ಲೇ ಮುಗಿಯಲಿ. ಬೇಸಿಗೆ ರಜೆಯಲ್ಲಿ ಮೂವರೂ ಹೋಗಿ ಹದಿನೈದು ದಿನ ಇದ್ದು ಬನ್ನಿ. ಮನೆ ನೋಡುವಾಗ ಮಧ್ಯಾಹ್ನವೇ ಹೋಗಿ, ನಲ್ಲಿ ತಿರುಗಿಸಿ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಪಕ್ಕದ ಮನೆಯವರನ್ನು ಕೇಳಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಬರುತ್ತೇನೆ, ಬರುವುದಿಲ್ಲ ಎಂಬುದನ್ನು ಅವರ ಬಾಯಿಂದಲೇ ಕೇಳಿ.