ಗಾಳಿ ತಾಗಿದರೂ ಉರಿ

ಅಮ್ಮನಿಗೆ ಸರ್ಪಸುತ್ತು ಎದ್ದಾಗ ಮನೆಗೆ ಬಂದವರೆಲ್ಲ ಏನಾದರೊಂದು ಹಚ್ಚಲು ಹೇಳಿದರು. ಕೆಮ್ಮಣ್ಣು, ಅರೆದ ಬೇವಿನ ಸೊಪ್ಪು, ಗರಿಕೆ ರಸ, ಅರಿಶಿನ. ಅವರ ಅಕ್ಕರೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಆ ಕಾಯಿಲೆಯನ್ನು ಹಗಲೂ ರಾತ್ರಿ ಹತ್ತಿರದಿಂದ ನೋಡಿದ ಮೇಲೆ ನನಗೆ ಖಚಿತವಾದದ್ದು ಇಷ್ಟು: ಆ ಚರ್ಮಕ್ಕೆ ಏನೂ ಒತ್ತದಂತೆ, ಉಜ್ಜದಂತೆ, ತಾಗದಂತೆ ಕಾಯುವುದೇ ಮನೆಯವರು ಕೊಡಬಹುದಾದ ದೊಡ್ಡ ಆರಾಮ.

ಮೊದಲು ಬಂದದ್ದು ಬರೀ ನೋವು. ಸೊಂಟದ ಎಡಗಡೆ ಚಳುಕು, ಉರಿ. ವಾಯು ಇರಬೇಕೆಂದು ಅಮ್ಮ ಜೀರಿಗೆ ಕಷಾಯ ಮಾಡಿಕೊಂಡು ಕುಡಿದಳು. ಗುಳ್ಳೆ ಕಾಣಿಸಿದ್ದು ಆಮೇಲೆ, ಬೆನ್ನಿನ ನಡುವಿನಿಂದ ಹೊಕ್ಕುಳಿನವರೆಗೆ ಕೆಂಪು ಪಟ್ಟಿಯಾಗಿ. ಅದೇ ದಿನ ವೈದ್ಯರ ಬಳಿ ಹೋದೆವು. ವೈರಸ್ಸನ್ನು ತಡೆಯುವ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಹೆಚ್ಚು ಫಲ ಎಂದರು. ಎಸೈಕ್ಲೊವಿರ್ 800 ಮಿ.ಗ್ರಾಂ., ದಿನಕ್ಕೆ 5 ಸಲ, 7 ದಿನ. ಮೂತ್ರಪಿಂಡದ ತೊಂದರೆ ಇದೆಯೇ ಎಂದು ಮೊದಲೇ ಕೇಳಿಕೊಂಡರು. ಇದ್ದವರಿಗೆ ಪ್ರಮಾಣ ಬೇರೆ. ಮಾತ್ರೆಯ ಜೊತೆ ನೀರು ಚೆನ್ನಾಗಿ ಕುಡಿಯಬೇಕೆಂದು ಅಮ್ಮನ ತಲೆದೆಸೆಯಲ್ಲಿ ಚೊಂಬು ತುಂಬಿಟ್ಟೆ. 5 ಹೊತ್ತನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಮನೆಯ ಆರೈಕೆ ಏನಿದ್ದರೂ ಈ ಮಾತ್ರೆಯ ಜೊತೆಗೆ, ಅದರ ಬದಲಿಗಲ್ಲ.

ಅಮ್ಮನಿಗೆ ಉರಿಗಿಂತ ಹೆಚ್ಚು ಕಾಡಿದ್ದು ಭಯ. "ತಲೆ ಬಾಲ ಸೇರಿದ್ರೆ ಉಳಿಯೋದಿಲ್ಲ ಅಂತಾರಲ್ಲೇ" ಎಂದು ನನ್ನ ಕೈ ಹಿಡಿದು ಕೇಳಿದಳು. ನಮ್ಮ ಕಡೆ ಎಲ್ಲರೂ ಕೇಳಿ ಬೆಳೆದ ಮಾತು ಅದು. ವೈದ್ಯರು ಅದನ್ನು ತಳ್ಳಿಹಾಕದೆ ಸಮಾಧಾನವಾಗಿ ಬಿಡಿಸಿ ಹೇಳಿದರು. ಚಿಕ್ಕಂದಿನಲ್ಲಿ ಸೀತಾಳೆ, ಅಂದರೆ ಚಿಕನ್‌ಪಾಕ್ಸ್, ಆದಾಗ ದೇಹ ಹೊಕ್ಕ ವೈರಸ್ಸು ಬೆನ್ನುಹುರಿಯ ಪಕ್ಕದ ನರದ ಬುಡದಲ್ಲಿ ಮಲಗಿರುತ್ತದೆ. ವಯಸ್ಸಾಗಿ ರೋಗನಿರೋಧಕ ಶಕ್ತಿ ತಗ್ಗಿದಾಗ ಎದ್ದು ಆ ನರದ ಗುಂಟ ಚರ್ಮಕ್ಕೆ ಬರುತ್ತದೆ. "ನೋಡಿ ಅಮ್ಮ, ಈ ನರದ ಹೊಲಕ್ಕೆ ಹೊಕ್ಕುಳೇ ಬದು. ಸುತ್ತಿ ಬರೋಕೆ ಇದಕ್ಕೆ ದಾರಿ ಇಲ್ಲ." ಗುಳ್ಳೆ ಬೇರೆಡೆಗೆಲ್ಲ ಹರಡಿದರೆ ಅದು ನಿರೋಧಕ ಶಕ್ತಿ ತೀರಾ ಕುಗ್ಗಿದ ಲಕ್ಷಣವಿರಬಹುದು, ಕೂಡಲೇ ಬನ್ನಿ ಎಂದು ನನಗೆ ಬೇರೆಯಾಗಿ ಹೇಳಿದರು. ಅಮ್ಮ ಅವತ್ತು ರಾತ್ರಿ ಸ್ವಲ್ಪ ನಿದ್ದೆ ಮಾಡಿದಳು. ಕುಕ್ಕೆಗೆ ಹರಕೆ ಹೊತ್ತಿದ್ದಳು. ಹೊಪ್ಪಳೆ ಉದುರಿದ ಮೇಲೆ ಕರೆದುಕೊಂಡು ಹೋಗುತ್ತೇನೆಂದೆ. ಮಾತ್ರೆ ತಪ್ಪದಿದ್ದರೆ ಹರಕೆಯಿಂದ ಯಾರಿಗೂ ಕೇಡಿಲ್ಲ, ಮನಸ್ಸಿಗೆ ಧೈರ್ಯವೂ ಬೇಕು.

ಇನ್ನು ಬಟ್ಟೆಯ ವಿಷಯ. ಹೆಂಗಸರಿಗೆ ಸೊಂಟದ ಮೇಲೆ ಸರ್ಪಸುತ್ತು ಎದ್ದರೆ ಲಂಗದ ಲಾಡಿ ಸರಿಯಾಗಿ ಅದರ ಮೇಲೇ ಬಿಗಿಯುತ್ತದೆ. ಅಮ್ಮ ಹುಟ್ಟಾ ಸೀರೆಯವಳು, ನೈಟಿಗೆ ಒಪ್ಪಲಿಲ್ಲ. ಕೊನೆಗೆ ಅಪ್ಪನ ಹಳೆಯ ಮಲ್ ಪಂಚೆಯನ್ನು, ಸ್ನಾನ ಮುಗಿಸಿ ಬರುವಾಗ ಸುತ್ತಿಕೊಳ್ಳುವಂತೆ, ಎದೆಮಟ್ಟಕ್ಕೆ ಸಡಿಲವಾಗಿ ಸುತ್ತಿಕೊಂಡಳು. ಎಷ್ಟೋ ವರ್ಷ ಒಗೆದು ಒಗೆದು ಮೆತ್ತಗಾದ ಬಟ್ಟೆ. ಅಷ್ಟರಿಂದಲೇ ಮುಖದ ಬಿಗಿತ ಇಳಿದದ್ದು ನನಗೆ ಕಂಡಿತು. ರಾತ್ರಿ ಮಾತ್ರ "ಫ್ಯಾನ್ ನಿಲ್ಸೇ, ಗಾಳಿ ತಾಗಿದ್ರೂ ಉರೀತದೆ" ಎನ್ನುತ್ತಿದ್ದಳು. ನರ ಕೆರಳಿದಾಗ ಹಗುರ ಸ್ಪರ್ಶವೂ ನೋವಾಗುತ್ತದೆ. ಫ್ಯಾನನ್ನು ಗೋಡೆ ಕಡೆಗೆ ತಿರುಗಿಸಿದೆ. ಅವಳು ಬಲಮಗ್ಗುಲಿಗೆ ತಿರುಗಿ ದಿಂಬು ತಬ್ಬಿಕೊಂಡ ಮೇಲೆ ಹೊದಿಕೆಯನ್ನು ಮಂಡಿಯಿಂದ ಕೆಳಕ್ಕಷ್ಟೇ ಹೊದಿಸುತ್ತಿದ್ದೆ.

ಅದೇ ಥರದ ಇನ್ನೊಂದು ಹಳೆಯ ಪಂಚೆಯನ್ನು ತುಂಡು ಮಾಡಿ ಕುದಿಸಿ ಒಣಗಿಸಿಟ್ಟೆ. ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ ಹಿಂಡಿ ಗುಳ್ಳೆಗಳ ಮೇಲೆ ಹಗುರವಾಗಿ ಹರವುವುದು, ಹದಿನೈದಿಪ್ಪತ್ತು ನಿಮಿಷ ಬಿಟ್ಟು ತೆಗೆಯುವುದು. ದಿನಕ್ಕೆ ನಾಲ್ಕೈದು ಸಲ. ಐಸ್ ಬೇಡ, ತಣ್ಣೀರು ಸಾಕು. ಗುಳ್ಳೆ ಒಡೆಯತೊಡಗಿದಾಗ ಬಟ್ಟೆಯ ಅಂಚು ಅಂಟಿಕೊಳ್ಳುತ್ತಿತ್ತು. ಕೀಳದೆ ಅದರ ಮೇಲೆ ಮತ್ತಷ್ಟು ನೀರು ಹನಿಸಿದರೆ ತಾನಾಗಿ ಬಿಡುತ್ತಿತ್ತು. ತೆಗೆದ ಬಟ್ಟೆಯಲ್ಲಿ ಹಳದಿ ಚುಕ್ಕೆಗಳ ಸಾಲು. ಅದನ್ನು ಬೇರೆಯಾಗಿ ಕುದಿಸಿ, ನನ್ನ ಕೈಯನ್ನು ಸೋಪಿನಿಂದ ತೊಳೆದ ಮೇಲೇ ಅಡುಗೆಮನೆಗೆ ಹೋಗುತ್ತಿದ್ದೆ. ತುರಿಕೆಗೆ ಕ್ಯಾಲಮೈನ್ ಲೋಷನ್, ಅದೂ ಒಡೆಯದ ಗುಳ್ಳೆಗೆ ಮಾತ್ರ. ಒಡೆದ ಕಡೆ ತೆಳ್ಳಗೆ ವ್ಯಾಸಲೀನ್, ಮೇಲೆ ಅಂಟದ ಗಾಜ್. ನೋವಿಗೆ ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್. ಸ್ನಾನ ಉಗುರುಬೆಚ್ಚಗಿನ ನೀರಿನಲ್ಲಿ, ನಾರು ಹಾಕಿ ತಿಕ್ಕದೆ. ಸೊಪ್ಪಿನ ರಸ, ಮಣ್ಣುಗಳ ಮಾತು ಬಂದಾಗ, ಒಡೆದ ಚರ್ಮಕ್ಕೆ ಕೀವಾಗುತ್ತದೆ ಎಂದು ವಿನಯದಿಂದಲೇ ಬೇಡವೆಂದೆ.

ತಂಗಿಯ ಮಗಳು ಬಸುರಿ, ಅಜ್ಜಿಯನ್ನು ನೋಡಬೇಕೆಂದು ಹಟ ಹಿಡಿದಿದ್ದಳು. ಅವಳಿಗೆ ಚಿಕನ್‌ಪಾಕ್ಸ್ ಆಗಿರಲಿಲ್ಲ, ಲಸಿಕೆಯೂ ಇಲ್ಲ. ಗುಳ್ಳೆಯ ನೀರಿನಿಂದ ಅಂಥವರಿಗೆ ಚಿಕನ್‌ಪಾಕ್ಸ್ ಬರಬಹುದು, ಬಸುರಿಗೂ ಎಳೆಗೂಸಿಗೂ ಅದು ಅಪಾಯ. ಎಲ್ಲ ಗುಳ್ಳೆ ಒಣಗಿ ಹೊಪ್ಪಳೆ ಕಟ್ಟುವವರೆಗೆ ಫೋನಿನಲ್ಲೇ ಮಾತಾಡಿಸಿದೆವು.

ಚರ್ಮ ಮಾಗಿದರೂ ಉರಿ ಉಳಿಯಿತು. ಅರವತ್ತು ದಾಟಿದವರಲ್ಲಿ ಹೀಗಾಗುವುದು ಹೆಚ್ಚು. ಪ್ಯಾರಾಸಿಟಮಾಲ್‌ಗೆ ಬಗ್ಗದ ಈ ನರದ ನೋವಿಗೆ ಗ್ಯಾಬಪೆಂಟಿನ್ ಬರೆದುಕೊಟ್ಟರು. ಅದರಿಂದ ಮಂಪರು, ತಲೆಸುತ್ತು. ಬಚ್ಚಲಿನ ದಾರಿಯ ದೀಪವನ್ನು ರಾತ್ರಿಯಿಡೀ ಉರಿಸಿಟ್ಟೆ, ಕಾಲೊರಸನ್ನು ತೆಗೆದೆ, ಎದ್ದಾಗ ನನ್ನನ್ನು ಕರೆಯಲೇಬೇಕೆಂದು ಮಾತು ತೆಗೆದುಕೊಂಡೆ. ನೋವು ತಿಂಗಳುಗಟ್ಟಲೆ ಎಳೆದಾಗ "ವಯಸ್ಸಾಯ್ತು, ಸಹಿಸ್ಕೋ" ಎಂದು ದಯವಿಟ್ಟು ಯಾರೂ ಹೇಳಬೇಡಿ. ಅದಕ್ಕೆ ಔಷಧ ಇದೆ, ಕೇಳಿ ಪಡೆಯಬೇಕು. ಹಣೆ, ಕಣ್ಣು, ಮೂಗಿನ ತುದಿ, ಕಿವಿಯ ಸುತ್ತ ಗುಳ್ಳೆ ಎದ್ದರಂತೂ ಮನೆಯಲ್ಲಿ ಒಂದು ದಿನವೂ ಕಾಯಬಾರದು. ದೃಷ್ಟಿಗೆ, ಕೇಳುವ ಶಕ್ತಿಗೆ ಕುತ್ತು.

ಶಿಂಗ್ರಿಕ್ಸ್ ಎಂಬ ಲಸಿಕೆ 2023ರಿಂದ ಭಾರತದಲ್ಲೂ ಸಿಗುತ್ತಿದೆ. 50 ದಾಟಿದವರಿಗೆ, 2ರಿಂದ 6 ತಿಂಗಳ ಅಂತರದಲ್ಲಿ ಎರಡು ಡೋಸ್. ಬೆಲೆ ಹೆಚ್ಚು, ನಿಜ. ಆ ರಾತ್ರಿಗಳನ್ನು ನೋಡಿದ ಮೇಲೆ ನಾನೂ ನಮ್ಮ ಯಜಮಾನರೂ ಹಾಕಿಸಿಕೊಂಡೆವು. ಒಮ್ಮೆ ಬಂದವರಿಗೂ ಮತ್ತೆ ಬರಬಹುದಾದ್ದರಿಂದ, ಪೂರ್ತಿ ವಾಸಿಯಾದ ಮೇಲೆ ಅಮ್ಮನಿಗೂ ಹಾಕಿಸಿ ಎಂದಿದ್ದಾರೆ ವೈದ್ಯರು.