ಕಂಪ್ರೆಸರ್ ಮೋಟಾರಿನ ಓವರ್‌ಲೋಡ್ ದೋಷ: ರೀಸೆಟ್ ಗುಂಡಿ ಒತ್ತುವ ಮುನ್ನ

ಕಾರ್ಖಾನೆಯಲ್ಲಿ ಏರ್ ಕಂಪ್ರೆಸರ್ ನಿಂತಿತೆಂದರೆ ಗಾಳಿಯನ್ನು ನೆಚ್ಚಿದ ಯಂತ್ರಗಳೆಲ್ಲ ನಿಲ್ಲುತ್ತವೆ. ಸ್ಟಾರ್ಟರಿನ ಓವರ್‌ಲೋಡ್ ರಿಲೇ ಟ್ರಿಪ್ ಆದೊಡನೆ ರೀಸೆಟ್ ಗುಂಡಿ ಒತ್ತುವುದು, ಪುನಃ ಟ್ರಿಪ್ ಆದರೆ ರಿಲೇಯ ಮಿತಿಯನ್ನು ನಾಲ್ಕೈದು ಆಂಪಿಯರ್ ಏರಿಸುವುದು ಹಲವೆಡೆ ರೂಢಿಯಾಗಿದೆ. ಇದರಿಂದ ಅಂದಿನ ಉತ್ಪಾದನೆ ಉಳಿಯಬಹುದು, ಮೋಟಾರ್ ಉಳಿಯದು. ವೈಂಡಿಂಗಿನ ಉಷ್ಣತೆ ಮಿತಿಗಿಂತ 10 ಡಿಗ್ರಿ ಸೆಲ್ಸಿಯಸ್ ಹೆಚ್ಚಾದರೆ ಇನ್ಸುಲೇಷನ್ನಿನ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ತಂತ್ರಜ್ಞರ ಸಾಮಾನ್ಯ ಲೆಕ್ಕಾಚಾರ. ಟ್ರಿಪ್ ಎಂಬುದು ರೋಗವಲ್ಲ, ರೋಗದ ಸೂಚನೆ. ಕಾರಣವನ್ನು ಅಳತೆಯಿಂದಲೇ ಕಂಡುಕೊಳ್ಳಬೇಕು.

ಮೊದಲು ಅಳತೆ

ಕಂಪ್ರೆಸರ್ ಪೂರ್ಣ ಒತ್ತಡದಲ್ಲಿ ದುಡಿಯುತ್ತಿರುವಾಗ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನಿನಿಂದ ಟಾಂಗ್ ಟೆಸ್ಟರ್ ಮೂಲಕ ಮೂರೂ ಫೇಸ್‌ಗಳ ಕರೆಂಟನ್ನೂ, ಫೇಸ್‌ಗಳ ನಡುವಿನ ವೋಲ್ಟೇಜನ್ನೂ ಅಳೆಸಬೇಕು. ಈ ಅಂಕಿಗಳನ್ನು ಮೋಟಾರಿನ ನೇಮ್‌ಪ್ಲೇಟ್ ಮೇಲಿನ ಅಂಕಿಗಳೊಡನೆ ಹೋಲಿಸಿದರೆ ದೋಷವು ಸಾಮಾನ್ಯವಾಗಿ ಮುಂದಿನ ನಾಲ್ಕು ಬಗೆಗಳಲ್ಲೊಂದಕ್ಕೆ ಸೇರುತ್ತದೆ.

1. ಮೂರೂ ಕರೆಂಟ್ ಸಮ, ಆದರೆ ಮಿತಿಗಿಂತ ಹೆಚ್ಚು

ಇಲ್ಲಿ ಹೊರೆ ಹೆಚ್ಚಾಗಿದೆ ಅಥವಾ ವೋಲ್ಟೇಜ್ ಕುಸಿದಿದೆ. ವೋಲ್ಟೇಜ್ ಇಳಿದಾಗ ಅದೇ ಹೊರೆಯನ್ನು ಹೊರಲು ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ಸರಿಯಿದ್ದರೆ ಒತ್ತಡದ ಮಿತಿಯನ್ನು ನೋಡಬೇಕು. 7 ಬಾರ್ ಆಸುಪಾಸಿನಲ್ಲಿ ಒತ್ತಡ 1 ಬಾರ್ ಹೆಚ್ಚಿದರೆ ವಿದ್ಯುತ್ ಬಳಕೆ ಶೇ. 6ರಿಂದ 7ರಷ್ಟು ಏರುತ್ತದೆ. ಪೈಪುಗಳ ಸೋರಿಕೆಯನ್ನು ತಡೆಯದೆ ಒತ್ತಡವನ್ನೇ ಏರಿಸಿಕೊಂಡಿರುವ ಘಟಕಗಳು ಇದನ್ನು ಗಮನಿಸಬೇಕು. ಸ್ಕ್ರೂ ಕಂಪ್ರೆಸರಿನಲ್ಲಿ ಆಯಿಲ್ ಸೆಪರೇಟರ್ ಕಟ್ಟಿಕೊಂಡಿದ್ದರೆ ಹೊರಗಿನ ಮಾಪಕ 7 ಬಾರ್ ತೋರಿಸುತ್ತಿದ್ದರೂ ಒಳಗೆ ಸ್ಕ್ರೂ 8 ಬಾರ್ ಒತ್ತಡದ ವಿರುದ್ಧ ದುಡಿಯುತ್ತಿರಬಹುದು. ಸವೆದ ಬೇರಿಂಗ್, ಅತಿ ಬಿಗಿಯಾದ ಬೆಲ್ಟ್, ತಪ್ಪು ದರ್ಜೆಯ ಎಣ್ಣೆ ಇತರ ಕಾರಣಗಳು.

2. ಮೂರು ಕರೆಂಟ್ ಅಸಮ

ವೋಲ್ಟೇಜ್ 420, 412, 398 ಇದೆಯೆನ್ನೋಣ. ಸರಾಸರಿ 410, ಅತಿ ಹೆಚ್ಚಿನ ವ್ಯತ್ಯಾಸ 12, ಅಸಮತೋಲನ ಸುಮಾರು ಶೇ. 2.9. ಕರೆಂಟಿನ ಅಸಮತೋಲನ ಇದರ 6ರಿಂದ 10 ಪಟ್ಟು ಆಗಬಹುದು. ದೋಷ ಸರಬರಾಜಿನದೋ ಮೋಟಾರಿನದೋ ತಿಳಿಯಲು ಒಂದು ಸರಳ ಪರೀಕ್ಷೆಯಿದೆ: ವಿದ್ಯುತ್ ಕಡಿತಗೊಳಿಸಿ, ಸ್ಟಾರ್ಟರಿಗೆ ಬರುವ ಮೂರೂ ತಂತಿಗಳನ್ನು ಒಂದೊಂದು ಸ್ಥಾನ ಮುಂದಕ್ಕೆ ಸರಿಸಿ ಪುನಃ ಅಳೆಯಬೇಕು. ಹೆಚ್ಚಿನ ಕರೆಂಟ್ ಅದೇ ಸರಬರಾಜು ತಂತಿಯಲ್ಲಿ ಉಳಿದರೆ ದೋಷ ಸರಬರಾಜಿನದು. ಸ್ಟಾರ್ಟರಿನ ಅದೇ ಟರ್ಮಿನಲ್ಲಿನಲ್ಲಿ ಉಳಿದರೆ ಸ್ಟಾರ್ಟರ್ ಅಥವಾ ಮೋಟಾರಿನದು. ಎರಡೇ ತಂತಿಗಳನ್ನು ಅದಲುಬದಲು ಮಾಡಬಾರದು. ಹಾಗೆ ಮಾಡಿದರೆ ಮೋಟಾರ್ ಹಿಮ್ಮುಖವಾಗಿ ತಿರುಗಿ ಸ್ಕ್ರೂ ಕಂಪ್ರೆಸರ್ ಕೆಡುತ್ತದೆ.

3. ಚಾಲನೆಯ ವೇಳೆ ಮಾತ್ರ ಟ್ರಿಪ್

ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ಸ್ಟಾರ್ ಹಂತದ ತಿರುಗುಬಲ ನೇರ ಚಾಲನೆಯ ಮೂರನೇ ಒಂದು ಭಾಗ ಮಾತ್ರ. ಅನ್‌ಲೋಡರ್ ವಾಲ್ವ್ ಅಂಟಿಕೊಂಡಿದ್ದರೆ ಅಥವಾ ನಾನ್-ರಿಟರ್ನ್ ವಾಲ್ವ್ ಸೋರಿ ಟ್ಯಾಂಕಿನ ಗಾಳಿ ಹಿಂದಕ್ಕೆ ಬರುತ್ತಿದ್ದರೆ, ಮೋಟಾರ್ ಒತ್ತಡದ ವಿರುದ್ಧ ಏಳಲಾರದೆ ಟ್ರಿಪ್ ಆಗುತ್ತದೆ. ಆಗ ದುರಸ್ತಿ ಬೇಕಾದುದು ಮೋಟಾರಿಗಲ್ಲ, ವಾಲ್ವಿಗೆ.

4. ಕರೆಂಟ್ ಮಿತಿಯೊಳಗಿದ್ದರೂ ಟ್ರಿಪ್

ಸಡಿಲವಾದ ಟರ್ಮಿನಲ್ ಬಿಸಿಯಾಗಿ ಪಕ್ಕದ ರಿಲೇಯನ್ನು ಕಾಯಿಸುತ್ತಿರಬಹುದು, ಗಂಟೆಗೆ ಹಲವು ಬಾರಿ ಮೋಟಾರ್ ನಿಂತು ಚಾಲೂ ಆಗುತ್ತಿರಬಹುದು, ಅಥವಾ ರಿಲೇಯ ಮಿತಿಯೇ ತಪ್ಪಿರಬಹುದು. ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇ ವೈಂಡಿಂಗಿನ ಫೇಸ್ ಸರ್ಕ್ಯೂಟಿನಲ್ಲಿದ್ದರೆ ಮಿತಿಯು ಪೂರ್ಣ ಕರೆಂಟಿನ ಶೇ. 58 ಇರಬೇಕು. ನೇಮ್‌ಪ್ಲೇಟಿನಲ್ಲಿ 28 ಆಂಪಿಯರ್ ಇದ್ದರೆ ಇದು ಸುಮಾರು 16. ರಿಲೇ ಮುಖ್ಯ ಲೈನಿನಲ್ಲಿದ್ದರೆ ಪೂರ್ಣ 28. ಫೇಸ್ ಸರ್ಕ್ಯೂಟಿನ ರಿಲೇಯನ್ನು 28ಕ್ಕೆ ಇಟ್ಟರೆ ಲೈನಿನಲ್ಲಿ 48 ಆಂಪಿಯರ್ ಹರಿಯುವವರೆಗೂ ಅದು ಅಲುಗದು. ಮೋಟಾರಿಗೆ ರಕ್ಷಣೆ ಇಲ್ಲದಂತೆಯೇ ಸರಿ.

ಕೊನೆಯ ಮಾತು

ಯಂತ್ರವನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸಿ ಬೀಗ ಹಾಕಬೇಕು. ಒಳಗಿನ ಗಾಳಿಯನ್ನು ಪೂರ್ತಿ ಹೊರಬಿಡಬೇಕು. ಕಂಪ್ರೆಸರಿನ ಬಳಿ ಒಂದು ದಾಖಲೆ ಪುಸ್ತಕವಿಟ್ಟು, ವಾರಕ್ಕೊಮ್ಮೆ ಮೂರು ಫೇಸ್‌ಗಳ ಕರೆಂಟ್, ವೋಲ್ಟೇಜ್, ಒತ್ತಡ, ಎಣ್ಣೆಯ ಉಷ್ಣತೆ ಬರೆದಿಡುವುದು ಒಳ್ಳೆಯದು. ಕರೆಂಟ್ ನಿಧಾನವಾಗಿ ಏರುತ್ತಿರುವುದು ಈ ಪುಸ್ತಕದಲ್ಲಿ ಕಂಡುಬಂದರೆ ಸೆಪರೇಟರ್ ಅಥವಾ ಬೇರಿಂಗಿನ ಖರ್ಚಿನಲ್ಲೇ ಕೆಲಸ ಮುಗಿಯುತ್ತದೆ. ಆ ಸೂಚನೆಯನ್ನು ಕಡೆಗಣಿಸಿದ ಮಾಲೀಕರು ರಿವೈಂಡಿಂಗ್ ವೆಚ್ಚದ ಜೊತೆಗೆ ಸಮಯಕ್ಕೆ ಪೂರೈಸಲಾಗದ ಆರ್ಡರಿನ ನಷ್ಟವನ್ನೂ ಹೊರಬೇಕಾಗುತ್ತದೆ.